ಹಿಂದಿನ ಸೀಟಿನಲ್ಲಿ ಕನ್ನಡ

ಡಾಲಸ್: ಕಾರಿಡಾರಿನ ಕುರ್ಚಿ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಸಾಕು, ನಯಾಗರಾ ನೋಡಿದಿರಾ ಎಂದು ಎಲ್ಲರೂ ಕೇಳುತ್ತಾರೆ. ನೋಡಲಿಲ್ಲ. ಟೆಕ್ಸಾಸಿನ ಮೂರು ಊರು ನೋಡಿದೆ. ಅದರಲ್ಲೂ ಹೆಚ್ಚು ಹೊತ್ತು ಕೂತದ್ದು ಡಾಲಸ್‌ನ ಒಂದು ಕಾಲೇಜಿನ ಕಾರಿಡಾರಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ.

2014ರ ಮಾರ್ಚ್ ಕೊನೆಯ ಮಾತು. ದಾವಣಗೆರೆಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದ ಮೇಲೆ ನನಗೆ ಸಿಕ್ಕ ಮೊದಲ ದೊಡ್ಡ ರಜೆ. ಚಿಕ್ಕಮ್ಮನ ಮಗಳು ಸುಮಂಗಲಾ ಡಾಲಸ್‌ನಲ್ಲಿದ್ದಳು. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಆ ದೇಶಕ್ಕೆ ಹೋಗಿ ಅರ್ಧ ಆಯುಷ್ಯ ಕಳೆದರೂ ಮಾತಿನಲ್ಲಿ ಹುಬ್ಬಳ್ಳಿ ಹಾಗೇ ಉಳಿದಿದೆ. ಇಂಗ್ಲಿಷ್ ಮಾತಾಡುವಾಗಲೂ ಕೊನೆಗೆ ಒಂದು ‘ರಿ’ ಸೇರಿಸಿಬಿಡುತ್ತಾಳೋ ಎಂದು ನನಗೆ ಅನ್ನಿಸುತ್ತಿತ್ತು.

ಮನೆಯಲ್ಲಿ ಒಬ್ಬಳೇ ಕೂತು ಬೇಸರವಾಗುತ್ತದೆ ಎಂದು ಅವಳು ನನ್ನನ್ನು ದಿನವೂ ಕಾಲೇಜಿಗೆ ಕರೆದುಕೊಂಡು ಹೋಗುತ್ತಿದ್ದಳು. ಮಕ್ಕಳು ಎರಡು ವರ್ಷ ಅಲ್ಲಿ ಓದಿ ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವಂಥ ಕಾಲೇಜು ಅದು. ಸುಮಂಗಲಾ ಅಲ್ಲಿ ಸಲಹೆಗಾರ್ತಿ. ಯಾವ ವಿಷಯ ತೆಗೆದುಕೊಳ್ಳಬೇಕು, ಫೀಸಿಗೆ ಎಲ್ಲಿ ಸಹಾಯ ಸಿಗುತ್ತದೆ, ಮನಸ್ಸಿಗೆ ಕಷ್ಟವಾದರೆ ಯಾರ ಹತ್ತಿರ ಹೋಗಬೇಕು, ಇದೆಲ್ಲ ಹೇಳುವುದು ಅವಳ ಕೆಲಸ. ಅವಳ ಕೋಣೆಯ ಬಾಗಿಲಿನ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇತ್ತು. ಇಲ್ಲಿ ಹೆದರದೆ ಮಾತಾಡಬಹುದು ಎಂಬ ಅರ್ಥದ್ದು. ಒಳಗೆ ಒಂದು ಸೋಫಾ, ಒಂದು ಮೈಕ್ರೋವೇವ್, ಹಸಿದವರಿಗೆ ಒಂದು ಡಬ್ಬದ ತುಂಬ ನೂಡಲ್ಸ್ ಪೊಟ್ಟಣ.

“ಯಾರಿಗೆ ಹೆದರಬೇಕು?” ಎಂದು ಕೇಳಿದೆ.

“ಕಾಗದ ಇಲ್ಲದ ಮಕ್ಕಳು ಬರ್ತಾರ ಅಕ್ಕಾ. ಸಣ್ಣಾವರಿದ್ದಾಗ ಅಪ್ಪ ಅವ್ವ ಕರಕೊಂಡು ಬಂದಿರ್ತಾರ. ವೀಸಾ ಮುಗದಿರ್ತೈತಿ, ಇಲ್ಲಾ ಇರೂದs ಇಲ್ಲ. ಮಕ್ಕಳಿಗೆ ಅದು ಗೊತ್ತಾಗೂದು ಹದಿನಾರು ತುಂಬಿ ಲೈಸನ್ಸ್ ಬೇಕು ಅಂದಾಗ.”

ಟೆಕ್ಸಾಸಿನಲ್ಲಿ ಹೈಸ್ಕೂಲು ಓದಿ ಪಾಸಾದ ಮಕ್ಕಳು ಕಾಗದ ಇರಲಿ ಬಿಡಲಿ ಕಾಲೇಜು ಸೇರಬಹುದು, ಅಲ್ಲಿಯವರು ಕಟ್ಟುವ ಫೀಸನ್ನೇ ಕಟ್ಟಬಹುದು. ಆದರೆ ಓದಿ ಮುಗಿಸಿದ ಮೇಲೆ ಕೆಲಸ ಮಾಡುವಂತಿಲ್ಲ. ಅದಕ್ಕೆ ಎರಡು ವರ್ಷದ ಹಿಂದೆ ಒಂದು ಹೊಸ ವ್ಯವಸ್ಥೆ ಬಂದಿದೆ ಎಂದಳು ಸುಮಂಗಲಾ. ಹೆಸರು ಡಾಕಾ. ನಾನು ಬಾಂಗ್ಲಾದೇಶದ ಊರೆಂದುಕೊಂಡು ಸ್ವಲ್ಪ ಹೊತ್ತು ಏನೇನೋ ಕಲ್ಪಿಸಿಕೊಂಡೆ. ಚಿಕ್ಕಂದಿನಲ್ಲಿ ಬಂದವರು ಅರ್ಜಿ ಹಾಕಿದರೆ ಎರಡು ವರ್ಷ ಗಡೀಪಾರಿನ ಹೆದರಿಕೆ ಇಲ್ಲದೆ ಇರಬಹುದು, ಕೆಲಸ ಮಾಡಬಹುದು, ಅವಧಿ ಮುಗಿಯುವಾಗ ಮತ್ತೆ ಹಾಕಬೇಕು. ಪೌರತ್ವವಲ್ಲ, ವೀಸಾ ಕೂಡ ಅಲ್ಲ. ಮಳೆಯಲ್ಲಿ ಯಾರದೋ ಅಂಗಡಿ ಮುಂದೆ ನಿಲ್ಲಲು ಬಿಟ್ಟ ಹಾಗೆ.

ಮಕ್ಕಳು ಒಳಗೆ ಬಂದಾಗ ನಾನು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬಾಗಿಲು ಮುಚ್ಚುವ ಮುಂಚೆ ಒಂದು ವಾಕ್ಯ ಕಿವಿಗೆ ಬೀಳುತ್ತಿತ್ತು. ನನ್ನ ಗೆಳೆಯನೊಬ್ಬನಿಗೆ ಒಂದು ಪ್ರಶ್ನೆ ಇದೆ, ನನ್ನ ರೂಮ್‌ಮೇಟ್ ಒಂದು ವಿಷಯ ಕೇಳಿಕೊಂಡು ಬಾ ಅಂದಳು. ಅಲ್ಲಿಗೆ ಬರುವ ಎಲ್ಲರ ಪ್ರಶ್ನೆಯೂ ಬೇರೆ ಯಾರದೋ ಆಗಿರುತ್ತಿತ್ತು. ಸುಮಂಗಲಾ ಒಬ್ಬರನ್ನೂ ಯಾವ ಗೆಳೆಯ, ಯಾವ ಊರು, ಅಪ್ಪ ಏನು ಮಾಡುತ್ತಾರೆ ಎಂದು ಕೇಳುತ್ತಿರಲಿಲ್ಲ. ನನಗೆ ಇದು ವಿಚಿತ್ರ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಊರು, ಮನೆತನ, ಮಕ್ಕಳೆಷ್ಟು, ಸೊಸೆ ಹೇಗೆ ಎಲ್ಲ ತಿಳಿದುಕೊಂಡಿರುತ್ತಾರೆ. ಹಾಸ್ಟೆಲ್ಲಿನಲ್ಲಂತೂ ಕೇಳುವುದೇ ನನ್ನ ಸಂಬಳದ ಕೆಲಸವಾಗಿತ್ತು.

ಒಂದು ಮಧ್ಯಾಹ್ನ ಸುಮಂಗಲಾ ಕೋಣೆಯಿಂದ ತಲೆ ಹೊರಹಾಕಿ, “ಅಕ್ಕಾ, ಚಹಾ ಕುಡಿಯೂಣೇನ?” ಎಂದಳು. ಹೂಂ, ಸಕ್ಕರೆ ಕಮ್ಮಿ ಹಾಕು ಎಂದೆ. ಕಾರಿಡಾರಿನ ಆ ತುದಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಬೆನ್ನಿಗೆ ಬ್ಯಾಗು, ಎತ್ತಿ ಕಟ್ಟಿದ ಕೂದಲು, ನಮ್ಮ ಕಡೆಯವಳ ಮುಖ. ನಮ್ಮ ಮಾತು ಕೇಳಿಸಿದ್ದೇ ನಿಂತುಬಿಟ್ಟಳು. ನಿಂತವಳು ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದಳು.

“ಯಾರವಳು?” ಎಂದೆ.

“ಮೆಗ್ ಅಂತ. ನರ್ಸಿಂಗ್ ಓದಬೇಕಂತಾಳ,” ಎಂದಳು ಸುಮಂಗಲಾ. ನನ್ನ ಮುಖದಲ್ಲಿ ಮುಂದಿನ ಪ್ರಶ್ನೆ ಕಂಡಿರಬೇಕು. “ಕೇಳಬ್ಯಾಡ ಅಕ್ಕಾ. ಕೇಳಿದರ ಓಡಿ ಹೋಗ್ತಾರ.”

ದಾರಿಯಲ್ಲಿ: ನೀಲಿ ಹೂವು

ಆ ವಾರ ಸುಮಂಗಲಾಗೆ ಹ್ಯೂಸ್ಟನ್‌ನಲ್ಲಿ ಒಂದು ಸಭೆ ಇತ್ತು. ಶನಿವಾರ ಆಸ್ಟಿನ್‌ನಲ್ಲಿ ಒಂದು ಶಿಬಿರ. ಕಾಗದ ಇಲ್ಲದ ಮಕ್ಕಳಿಗೆ ವಕೀಲರು ಪುಕ್ಕಟೆಯಾಗಿ ಅರ್ಜಿ ತುಂಬಿಕೊಡುವ ಶಿಬಿರ ಅದು. ಕಾರಿನಲ್ಲಿ ಜಾಗ ಇದೆ, ಯಾರು ಬೇಕಾದರೂ ಬರಬಹುದು ಎಂದು ಕಾಲೇಜಿನ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದಳು. ಹ್ಯೂಸ್ಟನ್‌ವರೆಗೆ ಮಾತ್ರ ಸಾಕು, ಅಪ್ಪ ಅಮ್ಮನ ಮನೆಗೆ ಹೋಗಬೇಕು ಎಂದು ಒಬ್ಬಳೇ ಒಬ್ಬಳು ಬಂದಳು. ಮೆಗ್.

ಹಿಂದಿನ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಹೆಲೋ, ಥ್ಯಾಂಕ್ಯೂ, ಅಷ್ಟೇ ಮಾತು. ನಾವಿಬ್ಬರು ಮುಂದೆ ಕೂತು ನಮ್ಮ ಪಾಡಿಗೆ ಹರಟುತ್ತಿದ್ದೆವು. ನಾನು ಹಾಸ್ಟೆಲ್ಲಿನ ಅಡುಗೆಯ ಸಣ್ಣಕ್ಕನ ಕಥೆ ತೆಗೆದೆ. ಒಂದು ದಿನ ಮೇಲಧಿಕಾರಿಗಳು ಹೇಳದೆ ಕೇಳದೆ ಊಟದ ತಪಾಸಣೆಗೆ ಬಂದರು. ಸೌಟಿನಲ್ಲಿ ಸಾರು ಎತ್ತಿ ಸುರಿದು, ಮತ್ತೆ ಎತ್ತಿ ಸುರಿದು, “ಏನಮ್ಮಾ, ಇದರಲ್ಲಿ ಬೇಳೆ ಎಲ್ಲಿ?” ಎಂದು ಗುಡುಗಿದರು. ಸಣ್ಣಕ್ಕ ಒಂದಿಷ್ಟೂ ಅಳುಕದೆ, “ಬೇಳೆ ನಿನ್ನೆ ಬಂದಿತ್ತು ಸಾರ್. ನೀವು ಇವತ್ತು ಬಂದ್ರಿ,” ಎಂದಳು.

ಸುಮಂಗಲಾ ನಗುವ ಮೊದಲೇ ಹಿಂದಿನಿಂದ ನಗು ಬಂತು. ತಡೆಯಲಾರದೆ ಮೂಗಿನಿಂದ ಹೊರಬಿದ್ದ ನಗು. ನಾನು ತಿರುಗಿ ನೋಡಬೇಕೆಂದಿದ್ದೆ. ಸುಮಂಗಲಾ ಸ್ಟಿಯರಿಂಗ್ ಮೇಲಿಂದ ಒಂದು ಕೈ ತೆಗೆದು ನನ್ನ ಮಂಡಿಯ ಮೇಲಿಟ್ಟು ಮೆಲ್ಲಗೆ ಅದುಮಿದಳು. ನಾನು ರಸ್ತೆ ನೋಡುತ್ತ ಕೂತೆ.

ಆ ತಿಂಗಳಲ್ಲಿ ಟೆಕ್ಸಾಸಿನ ಹೆದ್ದಾರಿಗಳ ಪಕ್ಕ ಒಂದು ನೀಲಿ ಹೂವು ಬಿಡುತ್ತದೆ. ಯಾರೂ ನೆಟ್ಟು ನೀರು ಹಾಕಿದ್ದಲ್ಲ ಎನ್ನಿಸುವಂತೆ ಮೈಲಿಗಟ್ಟಲೆ ಹಾಸಿಕೊಂಡಿರುತ್ತದೆ. ಜನ ಕಾರು ನಿಲ್ಲಿಸಿ, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಾರೆ. ಅಜ್ಜ ಅಜ್ಜಿಯರೂ ಮಂಡಿನೋವು ಮರೆತು ಕೂರುತ್ತಾರೆ. ಒಬ್ಬರೂ ಒಂದು ಹೂವು ಕಿತ್ತು ಮುಡಿಯಲಿಲ್ಲ. ನನ್ನ ಕೈ ತುರಿಸುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಲ್ಲಿಂದ ಮುಂದೆ ಒಂದು ಪೆಟ್ರೋಲ್ ಬಂಕ್. ಬಂಕ್ ಎಂದರೆ ನಮ್ಮ ಬಸ್ ಸ್ಟ್ಯಾಂಡಿನಷ್ಟು ದೊಡ್ಡದು. ಒಳಗೆ ಮಾಂಸದಂಗಡಿ, ಮಿಠಾಯಿ ಅಂಗಡಿ, ಬಟ್ಟೆ ಅಂಗಡಿ ಎಲ್ಲ ಇವೆ. ಶೌಚಾಲಯಕ್ಕೆಂದು ಹೋದವಳು ಹೊರಗೆ ಬಂದಾಗ ಬೇರೆ ಯಾವುದೋ ಬಾಗಿಲಿನಿಂದ ಬಂದಿದ್ದೆ. ಎದುರಿಗೆ ಕಣ್ಣು ಹಾಯುವವರೆಗೆ ಕಾರು, ಅರ್ಧಕ್ಕರ್ಧ ಸುಮಂಗಲಾಳ ಕಾರಿನ ಬಣ್ಣದವೇ. ಫೋನು ಕಾರಿನಲ್ಲಿತ್ತು. ಬಿಸಿಲಿನಲ್ಲಿ ಅತ್ತಿತ್ತ ಓಡಾಡಿ, ಕೊನೆಗೆ ಯಾರದೋ ಕಾರಿನ ಬಾಗಿಲು ಎಳೆದೆ. ಒಳಗಿದ್ದ ನಾಯಿ ಬೊಗಳಿತು.

“ಆಂಟೀ! ಅಲ್ಲಲ್ಲ, ಈ ಕಡೆ ಬನ್ನಿ!”

ಮೆಗ್ ಓಡಿ ಬರುತ್ತಿದ್ದಳು. ನನ್ನ ಕೈ ಹಿಡಿದುಕೊಂಡು ಗೋಡೆಯ ಪಕ್ಕದ ನೆರಳಿಗೆ ಕರೆತಂದಳು. “ಕೂತ್ಕೊಳ್ಳಿ. ನೀರು ತರ್ಲಾ?” ಎಂದಳು. ಆಗಲೇ ಅವಳಿಗೆ ತಾನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂಬುದು ಹೊಳೆದಂತೆ ಕಂಡಿತು. ತಿರುಗಿ ಬಂಕಿನ ಬಾಗಿಲ ಕಡೆ ನೋಡಿದಳು. ಸುಮಂಗಲಾ ಒಳಗೆ ಕಾಫಿಯ ಸಾಲಿನಲ್ಲಿದ್ದಳು.

“ನೀವು ಇಂಡಿಯಾಗೆ ವಾಪಸ್ ಹೋಗ್ತೀರಲ್ವಾ ಆಂಟಿ?”

“ಮುಂದಿನ ತಿಂಗಳು ಹೋಗ್ತೀನಿ.”

“ಅದಕ್ಕೇ ನಿಮ್ಗೆ ಹೇಳ್ತೀನಿ. ನನ್ ಹೆಸ್ರು ಮೇಘನಾ. ಐ ಆಮ್ ಅನ್‌ಡಾಕ್ಯುಮೆಂಟೆಡ್.”

ಕಾಗದ ಇಲ್ಲದವಳು ಎಂಬ ಆ ಕೊನೆಯ ಮಾತು ಅವಳಿಗೆ ಕನ್ನಡದಲ್ಲಿ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಹೇಳಿರಲಿಕ್ಕಿಲ್ಲ.

ನಾಲ್ಕು ವರ್ಷದವಳಿದ್ದಾಗ ಬಂದವಳು. ಅಪ್ಪ ಹ್ಯೂಸ್ಟನ್‌ನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಕೆಲಸ ಹೋಯಿತು, ಬೇರೆ ಕೆಲಸ ಸಿಗುವಷ್ಟರಲ್ಲಿ ವೀಸಾ ಮುಗಿಯಿತು. ಇವತ್ತು ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ಉಳಿದುಕೊಂಡವರು ಉಳಿದೇಬಿಟ್ಟರು. ನರ್ಸಿಂಗ್ ಓದುವುದು ಅವಳ ಆಸೆ. ಪುಸ್ತಕದ ಪಾಠ ಮುಗಿಯಿತು, ಇನ್ನು ಆಸ್ಪತ್ರೆಯಲ್ಲಿ ತರಬೇತಿ. ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ನಂಬರ್, ಬೇಕು. ಡಾಕಾ ಬಂದರೆ ಸಿಗುತ್ತದೆ, ಇಲ್ಲದಿದ್ದರೆ ಈ ಓದು ಇಲ್ಲಿಗೇ ನಿಲ್ಲುತ್ತದೆ.

“ಅಪ್ಪ ಬೇಡ ಅಂತಾರೆ. ಹೆಸ್ರು, ಫಿಂಗರ್‌ಪ್ರಿಂಟ್ ಎಲ್ಲಾ ನಾವೇ ಹೋಗಿ ಕೊಟ್ಟಂಗೆ ಆಗುತ್ತೆ ಅಂತಾರೆ.”

“ಸುಮಂಗಲಾನ ಕೇಳಬಹುದಿತ್ತಲ್ಲಮ್ಮಾ. ಅವಳ ಕೆಲಸವೇ ಅದು. ನಿನ್ನ ಭಾಷೆಯವಳೇ.”

“ಅದೇ ಪ್ರಾಬ್ಲಮ್ ಆಂಟಿ,” ಎಂದಳು ಮೇಘನಾ. “ಬೇರೆ ಯಾರಾದ್ರೂ ಆಗಿದ್ರೆ ಮೊದಲ್ನೇ ದಿನಾನೇ ಹೇಳ್ತಿದ್ದೆ. ಅವ್ರು ಕನ್ನಡ ಮಾತಾಡ್ತಾರೆ. ಕನ್ನಡ ಕೂಟದವ್ರಿಗೆ ಗೊತ್ತಾದ್ರೆ ಅಪ್ಪ ತಲೆ ಎತ್ತಲ್ಲ.”

ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಜೀವ ಬಂದ ಹಾಗಾಗುತ್ತದೆ ಎಂದು ಎಷ್ಟು ಜನರ ಬಾಯಲ್ಲಿ ಕೇಳಿದ್ದೆ. ಡಾಲಸ್ ವಿಮಾನ ನಿಲ್ದಾಣದಲ್ಲಿ ನನಗೂ ಹಾಗೇ ಆಗಿತ್ತು. ಈ ಹುಡುಗಿ ಅದೇ ಸದ್ದು ಕೇಳಿ ಕಾರಿಡಾರಿನಲ್ಲಿ ತಿರುಗಿ ಹೋಗಿದ್ದಳು. ಸುಮಂಗಲಾಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಿಸೌರಿ ಸಿಟಿ: ಮಾತಿಲ್ಲದ ಸೋಫಾ

ಹ್ಯೂಸ್ಟನ್‌ನ ನೈಋತ್ಯ ಅಂಚಿನಲ್ಲಿ ಮಿಸೌರಿ ಸಿಟಿ. ನಮ್ಮ ದೇಶದವರ ಮನೆಗಳು ಬೇಕಾದಷ್ಟು. ಒಂದು ಮನೆಯ ಹಿತ್ತಲಿನಲ್ಲಿ ಕರಿಬೇವು, ಇನ್ನೊಂದರ ಮುಂದೆ ಒಣಗಲು ಹಾಕಿದ ಸೀರೆ. ಮೇಘನಾಳ ಮನೆ ಬೀದಿಯ ಕೊನೆಯಲ್ಲಿ, ಎಲ್ಲ ಕಿಟಕಿಗೂ ಪರದೆ ಎಳೆದಿತ್ತು.

ಅವಳನ್ನು ಇಳಿಸಿ ಹೊರಡಬೇಕು ಎನ್ನುವಷ್ಟರಲ್ಲಿ ಅವಳ ಅಮ್ಮ ಹೊರಗೆ ಬಂದರು. ಥ್ಯಾಂಕ್ಯೂ ಹೇಳಲು ಕಾರಿನ ಕಿಟಕಿಗೆ ಬಗ್ಗಿದವರು ನನ್ನ ಇಳಕಲ್ ಸೀರೆ ನೋಡಿ ಹಾಗೇ ನಿಂತರು.

“ನೀವು... ಯಾವೂರಿನೋರು?”

“ದಾವಣಗೆರೆ.”

“ಅಯ್ಯೋ, ನಂದು ಹರಿಹರ!” ಎಂದರು. ಆಮೇಲೆ ತಾವೇ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮಗಳ ಮುಖ ನೋಡಿದರು. ಆದರೆ ಬಾಯಿ ಬಿಟ್ಟಾಗಿತ್ತು. ಹರಿಹರದವರು ದಾವಣಗೆರೆಯವಳನ್ನು ಬಾಗಿಲಿನಿಂದ ಹಾಗೇ ಕಳಿಸುವುದುಂಟೇ? ಒಳಗೆ ಬನ್ನಿ ಎಂದರು.

ಅವರ ಹೆಸರು ಲಲಿತಾ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದರು. ನೆಲದ ತುಂಬ ಆಟದ ಸಾಮಾನು. ಮೇಘನಾಳ ಅಪ್ಪ ಶಿವಕುಮಾರ್ ಎದ್ದು ನಿಂತು ಕೈಮುಗಿದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಕೂದಲು. ಒಂದು ಇಂಡಿಯನ್ ಸ್ಟೋರಿನಲ್ಲಿ ಸರಕಿನ ಲೆಕ್ಕ ನೋಡುವ ಕೆಲಸ. ಲಲಿತಾ ಅಡುಗೆ ಮನೆಯಿಂದಲೇ ನನ್ನನ್ನು ಒಂದೇ ಸಮನೆ ಕೇಳುತ್ತಿದ್ದರು. ಹೊಳೆಯಲ್ಲಿ ಈಗ ನೀರಿದೆಯಾ, ಹಳೇ ಸೇತುವೆ ಇದೆಯಾ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಈಗಲೂ ಅದೇ ರುಚಿಯಾ. ಶಿವಕುಮಾರ್ ಮಾತ್ರ ಮಾತಿಗೆ ಮಾತು ಅಳೆದು ಕೊಡುತ್ತಿದ್ದರು. ಸುಮಂಗಲಾ ಏನು ಕೆಲಸ ಮಾಡುತ್ತಾಳೆ ಎಂದು ಕೂಡ ಕೇಳಲಿಲ್ಲ. ತಾವು ಕೇಳಿದರೆ ಅವಳೂ ಕೇಳುತ್ತಾಳೆ ಎಂದಿರಬೇಕು.

ಅವಲಕ್ಕಿಯ ತಟ್ಟೆ ಇಟ್ಟ ಮೇಘನಾ ಕೂರಲಿಲ್ಲ.

“ಅಪ್ಪ, ಸುಮಂಗಲಾ ಆಂಟಿ ಕಾಲೇಜಲ್ಲಿ ಡಾಕಾ ಕೆಲ್ಸ ಮಾಡ್ತಾರೆ. ಶನಿವಾರ ಆಸ್ಟಿನ್‌ನಲ್ಲಿ ಲಾಯರ್ಸ್ ಬರ್ತಾರೆ. ಐ ವಾಂಟ್ ಟು ಗೋ.”

ಬಂದವರ ಮುಂದೆ ಅಪ್ಪ ಕೂಗಾಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಹೇಳಿದ್ದಳು. ಅಮ್ಮ ಹರಿಹರ ಎಂದ ಮೇಲೆ ಸುಮಂಗಲಾಳಿಂದ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಶಿವಕುಮಾರ್ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳುತ್ತಿತ್ತು.

“ಹೇಳ್ಬಿಟ್ಟೆಯಾ,” ಎಂದರು ಮೆಲ್ಲಗೆ. ಆಮೇಲೆ ಸುಮಂಗಲಾ ಕಡೆ ತಿರುಗಿ, “ನೋಡಿ ಮೇಡಂ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದ್ದೀವಿ. ಇವಳು ಅರ್ಜಿ ಹಾಕಿದ ಮೇಲೆ ನಮ್ಮನೆ ಬಾಗಿಲಿಗೆ ಯಾರೂ ಬರಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?”

ಸುಮಂಗಲಾ ಹೂಂ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಹೇಳಲಿಲ್ಲ.

“ಗ್ಯಾರಂಟಿ ಕೊಡಾಕ ಬರೂದಿಲ್ಲರಿ. ನಾ ವಕೀಲಳಲ್ಲ. ನಾ ಒಂದು ಹೇಳಿ ಅದು ತಪ್ಪಾದರ ನಿಮ್ಮ ಸಂಸಾರಕ್ಕ ಪೆಟ್ಟು. ಅದಕ್ಕs ವಕೀಲರ ಕಡೆ ಹೋಗ್ರಿ ಅನ್ನೂದು. ನೀವೂ ಬರ್ರಿ. ಕೇಳಬೇಕಾದ್ದೆಲ್ಲಾ ಕೇಳ್ರಿ. ಬ್ಯಾಡ ಅನಿಸಿದರ ಹಂಗs ಎದ್ದು ಬರ್ರಿ. ಕೇಳಾಕ ಹೋದರ ಯಾರೂ ಹೆಸರು ಬರಕೊಳ್ಳೂದಿಲ್ಲ.”

“ನಾನು ಬರಲ್ಲ. ಅವಳೂ ಬರಲ್ಲ. ತಪ್ಪು ತಿಳ್ಕೋಬೇಡಿ.”

“ಅಪ್ಪ, ಐ ಆಮ್ ನೈನ್‌ಟೀನ್...”

“ಮೇಘನಾ.”

ಅಷ್ಟೇ. ಅವಳು ಒಳಗೆ ಹೋದಳು. ಲಲಿತಾ ಯಾರ ಮುಖವನ್ನೂ ನೋಡದೆ ಖಾಲಿಯಾಗದ ತಟ್ಟೆಗಳನ್ನು ಎತ್ತಿಕೊಂಡರು. ನಾವು ಎದ್ದೆವು. ಬಾಗಿಲಿನಲ್ಲಿ ಸುಮಂಗಲಾ ಶೂ ಹಾಕಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ, “ಶನಿವಾರ ಮುಂಜಾನೆ ನಾವು ಈ ಕಡಿಂದನs ಹೋಗೂದು,” ಎಂದಳು.

ಮಾತು ಕೊಟ್ಟು ಮುಚ್ಚಿಟ್ಟುಕೊಂಡಿದ್ದ ನನಗೆ ಕಾರಿನಲ್ಲಿ ಕೂತ ಮೇಲೆ ಹಗುರವಾಯಿತು. “ನಿನಗೆ ಹೇಳಬಾರದು ಅಂತ ಅವಳು ನನ್ನ ಹತ್ತಿರ ಮಾತು ತಗೊಂಡಿದ್ದಳು,” ಎಂದೆ.

“ಅಕಿ ಮೆಗ್ ಅಂತ ಹೆಸರು ಹೇಳಿದ ದಿನಾನ ನಂಗ ಗೊತ್ತಿತ್ತಕ್ಕಾ. ಊಟದ ಡಬ್ಬಿ ತಗದರ ಕಾರಿಡಾರ್ ತುಂಬ ಚಟ್ನಿಪುಡಿ ವಾಸನಿ ಬರ್ತಿತ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಬಾಗಲಾ ತಗದು ಇಡೂದಷ್ಟs ನನ್ನ ಕೈಯಾಗಿರೂದು,” ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ದಣಿವಿತ್ತು.

ಹ್ಯೂಸ್ಟನ್: ಶುಕ್ರವಾರ

ನಾವು ಉಳಿದದ್ದು ಸುಮಂಗಲಾಳ ಗೆಳತಿಯ ಮನೆಯಲ್ಲಿ, ಎನರ್ಜಿ ಕಾರಿಡಾರ್ ಎಂಬ ಕಡೆ. ತೈಲ ಕಂಪನಿಗಳ ಗಾಜಿನ ಕಟ್ಟಡಗಳು ಹೆದ್ದಾರಿಯ ಎರಡೂ ಬದಿಗೆ. ಹೊರಗೆ ಮಂಗಳೂರಿನ ಸೆಕೆ, ಒಳಗೆ ಹಿಮಾಲಯದ ಚಳಿ. ಇಡೀ ದಿನ ಶಾಲು ಹೊದೆಯುವುದು, ತೆಗೆಯುವುದು ಇದೇ ಕೆಲಸ. ಆ ಗಾಜಿನ ಕಟ್ಟಡಗಳಲ್ಲಿ ಯಾವುದರಲ್ಲಿ ಶಿವಕುಮಾರ್ ಕೂತು ನಕ್ಷೆ ಬರೆಯುತ್ತಿದ್ದರೋ ಎಂದು ನೋಡಿಕೊಂಡು ಹೋದೆ. ಅವರು ಈಗಲೂ ಈ ದಾರಿಯಲ್ಲಿ ಹೋಗುತ್ತಾರೋ, ಸುತ್ತು ಹಾಕಿಕೊಂಡು ಹೋಗುತ್ತಾರೋ.

ಸಭೆ ನಡೆದ ಕಾಲೇಜಿನಲ್ಲೂ ಸುಮಂಗಲಾಳ ಕೋಣೆಯಂಥದೇ ಒಂದು ಕೋಣೆ ಇತ್ತು. ಓದಿ ಮುಗಿಸಿದ ಮಕ್ಕಳು ಹೊಸದಾಗಿ ಬಂದವರಿಗೆಂದು ಪುಸ್ತಕ ಬಿಟ್ಟು ಹೋಗುತ್ತಾರಂತೆ. ಒಂದು ಮೂಲೆಯಲ್ಲಿ ಕೆಲಸದ ಸಂದರ್ಶನಕ್ಕೆ ಹಾಕಿಕೊಂಡು ಹೋಗಲು ಕೋಟು, ಪ್ಯಾಂಟು, ಶೂ. ಬೇಕಾದವರು ತೆಗೆದುಕೊಂಡು ಹೋಗಿ ಒಗೆದು ತಂದಿಡಬೇಕು. ಮೆಕ್ಸಿಕೋದ ಕಡೆಯ ಒಬ್ಬ ಹುಡುಗಿ ನನಗೆ ಅದನ್ನೆಲ್ಲ ತನ್ನ ಮನೆ ತೋರಿಸುವ ಹಾಗೆ ತೋರಿಸಿದಳು.

ನೋಡುತ್ತ ನನಗೆ ಹಾಸ್ಟೆಲ್ಲಿನ ದಿನಗಳು ನೆನಪಾದವು. ಇಟ್ಟಿಗೆ ಭಟ್ಟಿಯಿಂದ ಭಟ್ಟಿಗೆ ಅಲೆಯುವವರ ಮಗಳೊಬ್ಬಳು ಒಮ್ಮೆ ಬಂದಿದ್ದಳು. ಹುಟ್ಟಿದ ದಿನಾಂಕಕ್ಕೆ ದಾಖಲೆ ಇಲ್ಲ, ಹಿಂದಿನ ಶಾಲೆಯ ಟಿಸಿ ಇಲ್ಲ, ಜಾತಿ ಪತ್ರವೂ ಇಲ್ಲ. ಅವಳನ್ನು ಸೇರಿಸಿಕೊಳ್ಳಲು ತಾಲೂಕು ಕಚೇರಿಗೆ ನಾನೂ ಅವಳ ತಾಯಿಯೂ ಎಷ್ಟು ಸಲ ಹೋದೆವೋ. ಪ್ರತಿ ಸಲ ಆ ತಾಯಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದಳು. ಆದರೂ ಅವಳನ್ನು ಯಾರೂ ನೀನು ಈ ದೇಶದವಳೇ ಅಲ್ಲ ಎನ್ನಲಿಲ್ಲ. ಮೇಘನಾಳ ಮನೆಯವರಿಗೆ ಯಾವ ಕಚೇರಿಯಲ್ಲೂ ಆ ಧೈರ್ಯವಿಲ್ಲ. ಬಾಗಿಲು ತಟ್ಟುವುದೇ ಅವರಿಗೆ ಹೆದರಿಕೆ.

ಆಸ್ಟಿನ್: ಫೋನಿನಲ್ಲಿ ಒಂದು ಹೆಸರು

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮಿಸೌರಿ ಸಿಟಿಯ ಆ ಬೀದಿಗೆ ಬಂದೆವು. ಮನೆಯ ಮುಂದೆ ಯಾರೂ ಇರಲಿಲ್ಲ. ಸುಮಂಗಲಾ ಕಾರನ್ನು ಬಹಳ ನಿಧಾನ ಮಾಡಿದಳು. ಬೀದಿಯ ತಿರುವಿನಲ್ಲಿ ಮರದ ಕೆಳಗೆ ಮೇಘನಾ ನಿಂತಿದ್ದಳು. ಪಕ್ಕದಲ್ಲಿ ಲಲಿತಾ. ಇಬ್ಬರ ನಡುವೆ ತರಕಾರಿ ತರುವ ದೊಡ್ಡ ಚೀಲ.

“ಅವರಿಗೆ ಹೇಳಿದೀರಾ?” ಎಂದು ನಾನು ಕೇಳಿಯೇಬಿಟ್ಟೆ.

“ಆಸ್ಟಿನ್‌ಗೆ ಹೋಗ್ತಿದೀವಿ ಅಂದೆ,” ಎಂದರು ಲಲಿತಾ. “ಅವರು ಗೋಡೆ ಕಡೆ ತಿರುಗಿ ಮಲಗಿದ್ರು. ಬೇಡ ಅಂತ ಅನ್ಲಿಲ್ಲ. ಹೂಂ ಅಂತಾನೂ ಅನ್ಲಿಲ್ಲ.”

ದಾರಿಯುದ್ದಕ್ಕೂ ಅವರು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅದರಲ್ಲಿದ್ದದ್ದು ಮೇಘನಾಳ ಇಡೀ ಬಾಲ್ಯ. ಲಸಿಕೆ ಚೀಟಿ, ಪ್ರತಿ ವರ್ಷದ ಶಾಲೆಯ ಅಂಕಪಟ್ಟಿ, ಹಲ್ಲಿನ ಡಾಕ್ಟರ ಚೀಟಿ, ಸ್ಪೆಲ್ಲಿಂಗ್ ಸ್ಪರ್ಧೆಯ ಪ್ರಶಸ್ತಿ ಪತ್ರ. ಈ ದೇಶ ಬಿಟ್ಟು ಎಲ್ಲೂ ಹೋಗಿಲ್ಲ ಎಂದು ತೋರಿಸಲು ಇವೇ ಸಾಕ್ಷಿಯಂತೆ. ಲಲಿತಾ ಯಾವುದನ್ನೂ ಎಸೆದಿರಲಿಲ್ಲ. ಯಾಕೆ ಇಟ್ಟಿದ್ದಿರಿ ಎಂದರೆ, “ಮಗು ಚೆನ್ನಾಗಿ ಓದಿದ್ದಲ್ವಾ, ಅದಕ್ಕೆ,” ಎಂದರು.

ಶಿಬಿರ ನಡೆದದ್ದು ಒಂದು ದೊಡ್ಡ ಹಾಲ್‌ನಲ್ಲಿ. ಉದ್ದುದ್ದ ಮೇಜುಗಳು, ಕಾನೂನು ಓದುವ ಮಕ್ಕಳು, ವಕೀಲರು. ಬಾಗಿಲಿನಲ್ಲಿ ಕಾಫಿ, ಸಿಹಿ ಬನ್ನು. ಮದುವೆ ಮನೆಯ ಗದ್ದಲ, ಆದರೆ ಎಲ್ಲರ ದನಿಯೂ ಇಳಿದೇ ಇತ್ತು. ಅಪ್ಪಂದಿರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಸುತ್ತ ಸ್ಪ್ಯಾನಿಷ್ ಮಾತು. ನಮ್ಮಂಥ ಮುಖ ನಮ್ಮದು ಮಾತ್ರ. ಲಲಿತಾ ನನ್ನ ಪಕ್ಕ ಸರಿದು, “ಇಷ್ಟು ಜನ ಇದಾರಾ?” ಎಂದರು. ಅಷ್ಟು ಜನರನ್ನು ನೋಡಿದ್ದೇ ಅವರ ಭುಜ ಸ್ವಲ್ಪ ಸಡಿಲವಾಯಿತು.

ನಮ್ಮ ಸರದಿ ಬಂದಾಗ ಸಿಕ್ಕಿದ್ದು ಎಲೆನಾ ಎಂಬ ವಕೀಲೆ. ನಡುವಯಸ್ಸು, ಕತ್ತಿನಲ್ಲಿ ಕನ್ನಡಕದ ದಾರ. ಚೀಲದ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡುತ್ತ ಹೋದಂತೆ ಅವಳ ಮುಖ ಅರಳಿತು. ಇಷ್ಟು ಜೋಪಾನವಾಗಿ ಇಟ್ಟವರನ್ನು ನೋಡಿಲ್ಲ ಎಂದಳು. ಮೇಘನಾ ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದಳು.

ಆಮೇಲೆ ಎಲೆನಾ ಕೇಳಿದಳು. ಈ ದೇಶಕ್ಕೆ ಮೊದಲು ಬಂದಿಳಿದದ್ದು ಯಾವ ದಿನ? ಯಾವ ವಿಮಾನ ನಿಲ್ದಾಣ? ಯಾವ ವೀಸಾ?

ಮೇಘನಾಗೆ ಗೊತ್ತಿಲ್ಲ. ಲಲಿತಾಗೆ ದೀಪಾವಳಿ ಆದ ಮೇಲೆ ಎಂದಷ್ಟೇ ನೆನಪು. ನಡುವೆ ಎಲ್ಲೋ ವಿಮಾನ ಬದಲಿಸಿದ್ದರು, ಎಲ್ಲಿ ಎಂದು ಗೊತ್ತಿಲ್ಲ. ಹಳೆಯ ಪಾಸ್‌ಪೋರ್ಟ್ ಶಿವಕುಮಾರ್ ಹತ್ತಿರ ಇತ್ತು. ಎಲ್ಲಿಟ್ಟಿದ್ದಾರೆ ಎಂದು ಹೆಂಡತಿಗೂ ಹೇಳಿರಲಿಲ್ಲ.

ಲಲಿತಾ ಫೋನು ತೆಗೆದರು.

“ರೀ... ನಾವಿಲ್ಲಿದೀವಿ. ಇವ್ರು ಕೇಳ್ತಿದಾರೆ, ಮೇಘನಾ ಬಂದಿದ್ದು ಯಾವತ್ತು, ಎಲ್ಲಿ ಇಳಿದಿದ್ದು ಅಂತ.”

ಆ ಕಡೆಯಿಂದ ಏನೂ ಇಲ್ಲ. ಕರೆ ಕಡಿದುಹೋಯಿತೇನೋ ಎಂದು ಅವರು ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಕಡಿದಿರಲಿಲ್ಲ.

“ಅವರ ಕೈಗೆ ಕೊಡು,” ಎಂಬ ದನಿ ಕೇಳಿತು.

ಎಲೆನಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಶಿವಕುಮಾರ್ ಇಂಗ್ಲಿಷಿನಲ್ಲಿ ಮಾತಾಡಿದರು. ನಿಧಾನವಾಗಿ, ಸ್ಪಷ್ಟವಾಗಿ, ಯಾವುದೋ ಕಾಲದ ಆಫೀಸಿನ ದನಿಯಲ್ಲಿ. “ಮ್ಯಾಮ್, ನನ್ನ ಹೆಸರು ಶಿವಕುಮಾರ್,” ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಎಸ್ ಫಾರ್ ಶುಗರ್, ಎಚ್ ಫಾರ್ ಹೋಮ್. ಆಮೇಲೆ ಮನೆಯ ನಂಬರು, ಬೀದಿ.

ಎಲೆನಾ ಪೆನ್ನು ಎತ್ತಿಹಿಡಿದು, “ಸರ್, ಈ ಅರ್ಜಿಯಲ್ಲಿ ನಿಮ್ಮ ಹೆಸರು ಬೇಕಿಲ್ಲ. ಮಗಳ ವಿವರ ಸಾಕು,” ಎಂದಳು.

“ಗೊತ್ತಾಯಿತು ಮ್ಯಾಮ್. ಆದರೂ ಬರೆದುಕೊಳ್ಳಿ. ನಾನು ಅವಳ ತಂದೆ.”

ಮತ್ತೆ ದಿನ ಹೇಳಿದರು, ಊರು ಹೇಳಿದರು. ನೆವಾರ್ಕ್. ಬಂದಿಳಿದದ್ದು ಸಂಜೆ. ಮಗುವಿಗೆ ವಿಮಾನದಲ್ಲೇ ಜ್ವರ. ಸಾಲಿನಲ್ಲಿ ಅಳುತ್ತಿದ್ದಳು. ಕೌಂಟರಿನಲ್ಲಿದ್ದ ಅಧಿಕಾರಿ ನಕ್ಷತ್ರದ ಒಂದು ಸ್ಟಿಕ್ಕರ್ ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಅಪ್ಪನ ಪಾಸ್‌ಪೋರ್ಟಿನ ಮೇಲೇ ಅಂಟಿಸಿದಳು. “ನಾನು ಹೆದರಿ ಕಿತ್ತುಬಿಟ್ಟೆ,” ಎಂದರು. “ಅಂಟಿನ ಗುರುತು ಇನ್ನೂ ಇದೆ. ಈಗ ಪಾಸ್‌ಪೋರ್ಟ್ ನನ್ನ ಕೈಯಲ್ಲೇ ಇದೆ. ಎಲ್ಲ ಪುಟದ ಫೋಟೋ ಕಳಿಸುತ್ತೇನೆ.”

ಮೇಘನಾ ಫೋನಿನ ಮೇಲೆ ಬಗ್ಗಿ ಕೂತಿದ್ದಳು. ತಾನು ಈ ದೇಶಕ್ಕೆ ಬಂದ ಕಥೆಯನ್ನು ಅವಳು ಕೇಳಿದ್ದು ಅದೇ ಮೊದಲು.

“ಅಪ್ಪ,” ಎಂದಳು. “ಥ್ಯಾಂಕ್ಸ್ ಅಪ್ಪ.”

“ಊಟ ಮಾಡಿದ್ರಾ?” ಎಂದರು ಶಿವಕುಮಾರ್, ಕನ್ನಡದಲ್ಲಿ.

ದಾವಣಗೆರೆ: ಆಮೇಲೆ

ನಾನು ಊರಿಗೆ ಬಂದೆ. ತಂದ ಚಾಕಲೇಟು ಹಂಚಿ ಮುಗಿಯಿತು. ಆ ವರ್ಷದ ಕೊನೆಗೆ ಮೇಘನಾಗೆ ಡಾಕಾದ ಕೆಲಸದ ಪರವಾನಗಿ ಕಾರ್ಡು ಬಂತೆಂದು ಸುಮಂಗಲಾ ಹೇಳಿದಳು. ನಂಬರು ಸಿಕ್ಕಿತು, ಆಸ್ಟಿನ್‌ನ ನರ್ಸಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿತು, ಆಸ್ಪತ್ರೆಯ ತರಬೇತಿ ಶುರುವಾಯಿತು. ಡ್ರೈವಿಂಗ್ ಲೈಸನ್ಸ್ ಸಹ ಮಾಡಿಸಿಕೊಂಡಳು. ಅಪ್ಪ ಅಮ್ಮನ ಸ್ಥಿತಿ ಇದ್ದ ಹಾಗೇ ಇದೆ. ಕನ್ನಡ ಕೂಟಕ್ಕೆ ಅವರು ಈಗಲೂ ಹೋಗುವುದಿಲ್ಲ. ಎರಡು ವರ್ಷ ಆದ ಮೇಲೆ ಮತ್ತೆ ಅರ್ಜಿ ಹಾಕಬೇಕು. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಆದರೆ ಮೇಘನಾ ಈಗ ಸುಮಂಗಲಾಗೆ ತಾನೇ ಫೋನು ಮಾಡುತ್ತಾಳೆ. ಮಾತು ಶುರುವಾಗುವುದು ಕನ್ನಡದಲ್ಲೇ.

ಲಲಿತಾ ನನಗೂ ಆಗಾಗ ಮಾಡುತ್ತಾರೆ. ಹೋದ ತಿಂಗಳು ಒಂದು ಸಂಜೆ ವಿಡಿಯೋ ಕರೆ ಬಂತು. ಅಲ್ಲಿ ಬೆಳಗ್ಗೆ. ರಜೆಗೆ ಬಂದಿದ್ದ ಮೇಘನಾ ಕಾರು ಓಡಿಸುತ್ತಿದ್ದಳು, ಲಲಿತಾ ಪಕ್ಕದಲ್ಲಿ ಕೂತು ಫೋನು ಹಿಡಿದಿದ್ದರು. ತಾವು ನೋಡಿಕೊಳ್ಳುವ ಒಂದು ಗುಜರಾತಿ ಮಗುವಿನ ಕಥೆ ಹೇಳುತ್ತಿದ್ದರು. ಇಡೀ ದಿನ ಇವರ ಜೊತೆ ಇದ್ದು ಇದ್ದು ಅದಕ್ಕೆ ಕನ್ನಡ ಬಂದುಬಿಟ್ಟಿದೆ. ಮನೆಗೆ ಹೋದರೆ ಅಪ್ಪ ಅಮ್ಮನಿಗೆ ಒಂದು ಅಕ್ಷರ ಅರ್ಥವಾಗುವುದಿಲ್ಲ.

ಮಾತಿನ ನಡುವೆ ಅವರು ತಟ್ಟನೆ ನಿಲ್ಲಿಸಿದರು. ಫೋನು ಕೆಳಗೆ ಜಾರಿತು. ನನಗೆ ಕಂಡದ್ದು ಅವರ ಮಡಿಲು, ಸೀಟ್ ಬೆಲ್ಟನ್ನು ಗಟ್ಟಿಯಾಗಿ ಹಿಡಿದ ಕೈ, ಕಿಟಕಿಯ ಮೇಲೆ ಹಾದುಹೋದ ಕೆಂಪು ನೀಲಿ ಬೆಳಕು. ಪೊಲೀಸ್ ಕಾರು.

“ಅಮ್ಮ,” ಎಂದಳು ಮೇಘನಾ. ಕಾರಿನ ವೇಗ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. “ಮಾತಾಡು. ಏನಿಲ್ಲ.”

ಫೋನು ನಿಧಾನವಾಗಿ ಮೇಲೆ ಬಂತು. ಲಲಿತಾರ ಮುಖ ಕಂಡಿತು.

“ಹೂಂ... ಎಲ್ಲಿದ್ದೆ ನಾನು?”

“ಮಗುವಿಗೆ ಕನ್ನಡ ಬಂತು ಅಂದ್ರಿ,” ಎಂದೆ.

“ಹಾಂ, ಅದೇ. ಮೊನ್ನೆ ಅವರಪ್ಪ ಊಟ ಮಾಡಿಸ್ತಾ ಇದ್ರಂತೆ. ಸಾಕಾ ಅಂತ ಅವರ ಭಾಷೇಲಿ ಕೇಳಿದಾರೆ. ಇದು ಬಾಯಿ ತೆರೆದು, ‘ಇನ್ನೂ ಬೇಕು’ ಅಂತಂತೆ.”